ದಿನಕ್ಕೆ ಎರಡಾಣೆ: ನಮ್ಮವರ ಉಳಿತಾಯದ ಇತಿಹಾಸ

ಮುಂಬಯಿಗೆ ಬಂದ ನಮ್ಮವರ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಎರಡು ಕತೆಗಳನ್ನು ಹೇಳುತ್ತೇವೆ. ಕೈಯಲ್ಲಿ ಕಾಸಿಲ್ಲದೆ ಹಡಗಿನಿಂದ ಇಳಿದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆದು, ಮುಂದೆ ತಾನೇ ಒಂದು ಹೋಟೆಲಿನ ಯಜಮಾನನಾದದ್ದು ಒಂದು ಕತೆ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೆಲಸ ಹಿಡಿದದ್ದು ಇನ್ನೊಂದು. ಎರಡೂ ನಿಜ, ಎರಡೂ ನಮಗೆ ಅಭಿಮಾನ ತರುವಂಥವು. ಆದರೆ ಮೂರನೆಯದೂ ಒಂದಿದೆ. ಸಭೆ ಸಮಾರಂಭಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಲವತ್ತು ವರ್ಷ ದುಡಿದು, ತಿಂಗಳು ತಪ್ಪದೆ ಊರಿಗೆ ಮನಿಯಾರ್ಡರ್ ಕಳಿಸಿ, ತಂಗಿಯರ ಮದುವೆ ಮಾಡಿಸಿ, ಊರ ಮನೆಗೆ ಹೆಂಚು ಹೊದಿಸಿ, ಅರುವತ್ತರ ಹೊತ್ತಿಗೆ ತನ್ನ ಹೆಸರಿನಲ್ಲಿ ಏನೂ ಇಲ್ಲದೆ ನಿಂತವನ ಕತೆ ಅದು. ಅಂಥವರನ್ನು ಕಾಣದ ಕನ್ನಡ ಸಂಘ ಯಾವ ಮಹಾನಗರದಲ್ಲಿಯೂ ಇರಲಾರದು.

ಅವನು ದುಂದುಗಾರನಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ಎಲ್ಲರಿಗೂ ಕೊಟ್ಟ, ತನಗೆಂದು ತೆಗೆದಿಡಲಿಲ್ಲ, ಅಷ್ಟೇ. ತೆಗೆದಿಡುವುದಕ್ಕೆ ದಾರಿಯೇ ಇರಲಿಲ್ಲವೇ? ಇತ್ತು. ಆ ದಾರಿಯನ್ನು ಕಂಡುಹಿಡಿದವರೂ ಅವನ ಊರಿನ ಕಡೆಯವರೇ. ಆ ದಾರಿ ಹೇಗೆ ಹುಟ್ಟಿತು, ಯಾರನ್ನು ದಡ ಸೇರಿಸಿತು, ಯಾರನ್ನು ನಡುದಾರಿಯಲ್ಲಿ ಬಿಟ್ಟಿತು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಪಿಂಚಣಿ ಯಾರಿಗಿತ್ತು?

ಬ್ರಿಟಿಷರ ಕಾಲದಲ್ಲಿ ಪಿಂಚಣಿ ಎಂದರೆ ಸರಕಾರಿ ನೌಕರನ ಭಾಗ್ಯ. ಅಮಲ್ದಾರ, ಶಿರಸ್ತೇದಾರ, ಸರಕಾರಿ ಶಾಲೆಯ ಮೇಷ್ಟ್ರು ಇಂಥವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಮೈಸೂರು ಸಂಸ್ಥಾನ ಒಂದು ಹೆಜ್ಜೆ ಮುಂದೆ ಹೋಗಿ, ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ತನ್ನ ನೌಕರರಿಗಾಗಿ ಜೀವವಿಮಾ ಇಲಾಖೆಯನ್ನೇ ತೆರೆಯಿತು. ಇಂದಿಗೂ ಕರ್ನಾಟಕ ಸರಕಾರಿ ವಿಮಾ ಇಲಾಖೆ ಎಂಬ ಹೆಸರಿನಲ್ಲಿ ಅದು ನಡೆಯುತ್ತಿದೆ.

ಉಳಿದವರ ಗತಿ? ಜಮೀನಿದ್ದವನಿಗೆ ಜಮೀನು, ಇಲ್ಲದವನಿಗೆ ಗಂಡು ಮಕ್ಕಳು. ಹೆಂಗಸರಿಗೆ ಮೈಮೇಲಿನ ಚಿನ್ನ ಮತ್ತು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಚಿಲ್ಲರೆ. 1882ರ ಏಪ್ರಿಲ್ 1ರಿಂದ ಅಂಚೆ ಕಚೇರಿಗಳಲ್ಲಿ ಉಳಿತಾಯ ಬ್ಯಾಂಕು ಆರಂಭವಾಗಿತ್ತು, ನಿಜ. ಆದರೆ ಓದು ಬರಹ ಬಾರದ ನೇಕಾರನೋ ಮೀನು ಮಾರುವ ಹೆಂಗಸೋ ಆ ಕಚೇರಿಯ ಮೆಟ್ಟಿಲು ಹತ್ತುವುದು ಸುಲಭವಾಗಿರಲಿಲ್ಲ. ದಿನದ ದುಡಿಮೆ ದಿನಕ್ಕೇ ಮುಗಿಯುವವನ ಬಳಿ ಒಂದು ರೂಪಾಯಿ ಒಟ್ಟಾಗುವ ಮೊದಲೇ ಅದಕ್ಕೆ ಹತ್ತು ದಾರಿಗಳು ತೆರೆದುಕೊಳ್ಳುತ್ತಿದ್ದವು. ಉಳಿದದ್ದು ಚೀಟಿ ಕಟ್ಟುವುದು. ಚೀಟಿ ಹಿಡಿದವನು ನಂಬಿಗಸ್ಥನಾದರೆ ಸರಿ, ಇಲ್ಲವಾದರೆ ಹಣವೂ ಹೋಯಿತು, ನೆಂಟಸ್ತಿಕೆಯೂ ಹೋಯಿತು.

1906: ಒಂದು ವರ್ಷ, ನಾಲ್ಕು ಸಂಗತಿಗಳು

ನಮ್ಮವರ ಉಳಿತಾಯದ ಇತಿಹಾಸದಲ್ಲಿ 1906ನೆಯ ಇಸವಿಯಷ್ಟು ಮಹತ್ವದ ವರ್ಷ ಇನ್ನೊಂದಿಲ್ಲ. ಅದರ ಹಿಂದಿನ ವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದ್ದರು. 1904ರ ಸಹಕಾರಿ ಕಾಯ್ದೆಯ ಮೊದಲ ಫಲಗಳಲ್ಲಿ ಅದೊಂದು. ಒಟ್ಟಾಗಿ ಹಣ ಕೂಡಿಡುವ ಗಾಳಿ ಕನ್ನಡ ನಾಡಿನಲ್ಲಿ ಆಗಲೇ ಬೀಸತೊಡಗಿತ್ತು.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಹಲವು ಹಿತೈಷಿಗಳೊಡನೆ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಪೆಟ್ಟಿಗೆಯಲ್ಲಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ವರ್ಗದವರಲ್ಲೂ ಮಿತವ್ಯಯದ ಅಭ್ಯಾಸ ಬೆಳೆಸುವುದು ಅದರ ಉದ್ದೇಶವಾಗಿತ್ತು. ಕೃಷ್ಣಮಠದ ಊರಿನಲ್ಲಿ ಒಬ್ಬ ಮುಸಲ್ಮಾನ ವರ್ತಕರು ಮುಂದೆ ನಿಂತು ಕಟ್ಟಿದ ಆ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಮೊದಲು ಶಾಲೆ ಕಟ್ಟಿ, ಹೆಣ್ಣುಮಕ್ಕಳ ಶಾಲೆಯನ್ನೂ ಕಟ್ಟಿ, ಆಮೇಲೆ ಬ್ಯಾಂಕಿಗೆ ಕೈ ಹಾಕಿದ ಮಹನೀಯರು ಅವರು. 1910ರಲ್ಲಿ ಆ ಫಂಡು ಕೆನರಾ ಬ್ಯಾಂಕಾಯಿತು.

ಮೂರನೆಯ ಸಂಗತಿ ದುರಂತದ್ದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ರಾಜಧಾನಿಯಲ್ಲಿ ಅರ್ಬತ್‌ನಾಟ್ ಎಂಬ ದೊಡ್ಡ ಆಂಗ್ಲ ಕಂಪೆನಿಯಿತ್ತು. ದೊಡ್ಡ ಹೆಸರು, ಒಳ್ಳೆಯ ಬಡ್ಡಿ. ನಿವೃತ್ತ ಅಧಿಕಾರಿಗಳು, ವಿಧವೆಯರು, ಸಣ್ಣ ಉಳಿತಾಯಗಾರರು ತಮ್ಮ ಹಣವನ್ನೆಲ್ಲ ಅಲ್ಲಿಟ್ಟಿದ್ದರು. 1906ರ ಅಕ್ಟೋಬರ್ 22ರಂದು ಅದು ಬಾಗಿಲು ಮುಚ್ಚಿತು. ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ಜೈಲಿಗೆ ಹೋದ. ಆದರೆ ಮುಪ್ಪಿನಲ್ಲಿ ಕೈ ಬರಿದಾದವರಿಗೆ ಅದರಿಂದ ಏನು ಸಿಕ್ಕಿತು? ಈ ಆಘಾತದ ಫಲವಾಗಿಯೇ ಮರುವರ್ಷ ಮದ್ರಾಸಿನಲ್ಲಿ ಭಾರತೀಯರದೇ ಆದ ಇಂಡಿಯನ್ ಬ್ಯಾಂಕು ಹುಟ್ಟಿತು.

ನಾಲ್ಕನೆಯದು ನಮ್ಮ ಮುಂಬಯಿಯದೇ. ಉತ್ತರ ಕನ್ನಡ 1862ರಿಂದಲೂ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಕರಾವಳಿಯ ಅನೇಕ ಸಾರಸ್ವತ ಕುಟುಂಬಗಳು ಗುಮಾಸ್ತಿಕೆ ಅರಸಿ ಇಲ್ಲಿಗೆ ಬಂದಿದ್ದವು. 1906ರ ಡಿಸೆಂಬರ್ 27ರಂದು ಶ್ರೀಪಾದ ಸುಬ್ಬರಾವ್ ತಲ್ಮಕಿಯವರು, ತಾವು ಗೌರವಿಸುತ್ತಿದ್ದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘವನ್ನು ಆರಂಭಿಸಿದರು. ಇಂದು ಅದು ದೊಡ್ಡ ಸಹಕಾರಿ ಬ್ಯಾಂಕಾಗಿದೆ. ಸಾಲ ಮತ್ತು ಠೇವಣಿಗೆ ತೃಪ್ತರಾಗದೆ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಕಟ್ಟಿದರು. ಸಂಬಳದಾರನ ಸಂಪತ್ತು ಎಂದರೆ ಕೂಡಿಟ್ಟ ಹಣದ ಜತೆಗೆ ತಲೆಯ ಮೇಲೊಂದು ಸೂರು ಕೂಡ ಎಂಬ ತಿಳಿವಳಿಕೆ ಆಗಲೇ ಇತ್ತು.

ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಲ್ಲಿ ಹಣ ಇಟ್ಟವನಿಗೆ ದೊಡ್ಡ ಹೆಸರು ಮಾತ್ರ ಕಂಡಿತ್ತೋ ಅಲ್ಲಿ ಅವನು ಮುಳುಗಿದ. ಎಲ್ಲಿ ಅವನಿಗೆ ನಡೆಸುವವರ ಗುರುತು, ಲೆಕ್ಕದ ಗುರುತು ಇತ್ತೋ ಅಲ್ಲಿ ಸಂಸ್ಥೆಯೂ ಉಳಿಯಿತು, ಅವನೂ ಉಳಿದ.

ಎರಡಾಣೆಯ ಯೋಜನೆ

ಆದರೂ ಈ ಎಲ್ಲ ಬ್ಯಾಂಕುಗಳಿಗೆ ಒಂದು ಮಿತಿಯಿತ್ತು. ಹಣ ಇಡುವವನು ಬ್ಯಾಂಕಿಗೆ ಹೋಗಬೇಕಾಗಿತ್ತು. ಆ ಮಿತಿಯನ್ನು ಮುರಿದದ್ದು ಉಡುಪಿಯ ಇನ್ನೊಂದು ಸಂಸ್ಥೆ.

1920ರ ದಶಕದಲ್ಲಿ ಕೈಮಗ್ಗದ ನೇಕಾರಿಕೆ ಸಂಕಷ್ಟಕ್ಕೆ ಸಿಲುಕಿ, ದಕ್ಷಿಣ ಕನ್ನಡದ ನೇಕಾರರು ಕಂಗಾಲಾಗಿದ್ದರು. ಅವರಿಗೆ ನೆರವಾಗಬೇಕೆಂದು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಅದೇ ಮುಂದಿನ ಸಿಂಡಿಕೇಟ್ ಬ್ಯಾಂಕು. ಸಾಲ ಕೊಡಬೇಕಾದರೆ ಹಣ ಬೇಕು. ಬಡವರ ಊರಿನಲ್ಲಿ ಹಣ ಎಲ್ಲಿಂದ ಬರಬೇಕು? ಬಡವರಿಂದಲೇ ಎಂಬುದು ಅವರು ಕಂಡುಕೊಂಡ ಉತ್ತರ.

1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಪಿಗ್ಮಿ ಎಂದರೆ ಗಿಡ್ಡ, ಪುಟ್ಟದು ಎಂಬ ಅರ್ಥ. ಬ್ಯಾಂಕಿನ ಏಜೆಂಟ್ ದಿನಾಲೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುವುದು, ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಬರೆದುಕೊಳ್ಳುವುದು. ಇಷ್ಟೇ ಯೋಜನೆ. ಕೇಳಲು ತೀರ ಸರಳ. ಆದರೆ ಇದರೊಳಗೆ ಮನುಷ್ಯಸ್ವಭಾವದ ಬಗ್ಗೆ ಬಹಳ ಆಳವಾದ ತಿಳಿವಳಿಕೆಯಿತ್ತು.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿ 10 ಆಣೆ. ಏಳು ವರ್ಷಕ್ಕೆ, ಬಡ್ಡಿಯನ್ನು ಬಿಟ್ಟು, 319 ರೂಪಾಯಿ 6 ಆಣೆ. ಒಮ್ಮೆಗೇ ಮುನ್ನೂರು ರೂಪಾಯಿ ತಾ ಎಂದರೆ ತರಲಾರದವನು, ಎರಡಾಣೆ ಕೊಡು ಎಂದರೆ ಕೊಡಬಲ್ಲ. ತಿಂಗಳಿಗೊಮ್ಮೆ ನಾಲ್ಕು ರೂಪಾಯಿ ತೆಗೆದಿಡು ಎಂದರೆ ಮರೆಯುವವನು, ದಿನಾ ಸಂಜೆ ಬಾಗಿಲಲ್ಲಿ ನಿಂತ ಪರಿಚಿತ ಮುಖಕ್ಕೆ ಇಲ್ಲವೆನ್ನಲಾರ. ಖರ್ಚು ಮಾಡಿ ಉಳಿದದ್ದನ್ನು ಕೂಡಿಡುವ ಬದಲು, ಮೊದಲು ಕೂಡಿಟ್ಟು ಉಳಿದದ್ದರಲ್ಲಿ ಖರ್ಚು ಮಾಡುವ ಪದ್ಧತಿ ಇಲ್ಲಿಂದ ರೂಢಿಗೆ ಬಂತು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ಹನಿಯನ್ನು ಹಿಡಿಯಲು ದಿನಾ ಪಾತ್ರೆ ಹಿಡಿದು ಬರುವವನೊಬ್ಬ ಬೇಕೆಂಬುದನ್ನು ಗಾದೆ ಹೇಳಿರಲಿಲ್ಲ.

ಏಜೆಂಟನ ಕಮಿಷನ್ ಕಳೆದು ಉಳಿದದ್ದರಲ್ಲಿ ಬಡ್ಡಿ ಕೊಡಬೇಕಾದ್ದರಿಂದ ಪಿಗ್ಮಿಗೆ ಬಡ್ಡಿ ಕಡಿಮೆಯೇ. ಆದರೆ ಇಲ್ಲಿ ಬಡ್ಡಿಗಿಂತ ದೊಡ್ಡ ಲಾಭ ಅಭ್ಯಾಸದ್ದು. ಇಲ್ಲದಿದ್ದರೆ ಆ ಎರಡಾಣೆ ಬೀಡಿಗೋ ಚಹಾಕ್ಕೋ ಕರಗಿ ಹೋಗುತ್ತಿತ್ತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದು ಎರಡಾಣೆ ಹನ್ನೆರಡೂವರೆ ಪೈಸೆಯಾಯಿತು, ಆಮೇಲೆ ಆಣೆಗಳೇ ಚಲಾವಣೆಯಿಂದ ಹೋದವು. ಪಿಗ್ಮಿ ಮಾತ್ರ ಉಳಿಯಿತು. ಇತರ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಬೇರೆ ಬೇರೆ ಹೆಸರಿಟ್ಟು ಅದನ್ನೇ ಅನುಸರಿಸಿದವು. ಆದರೆ ನಮ್ಮ ಜನರ ಬಾಯಲ್ಲಿ ಎಲ್ಲವೂ ಪಿಗ್ಮಿಯೇ.

ಇದೇ ಕರಾವಳಿಯಲ್ಲಿ 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣಗೊಂಡ ಆರರಲ್ಲಿ ಕಾರ್ಪೊರೇಶನ್ ಮತ್ತು ವಿಜಯಾ ಸೇರಿದ್ದವು. ಇಪ್ಪತ್ತರಲ್ಲಿ ನಾಲ್ಕು ಬ್ಯಾಂಕುಗಳು ಒಂದೇ ಜಿಲ್ಲೆಯ ಕೂಸುಗಳು ಎಂಬುದು ಸಾಮಾನ್ಯ ಸಂಗತಿಯಲ್ಲ.

ಮುಂಬಯಿಯ ದುಡಿಮೆಗಾರ

ಊರಿನಲ್ಲಿ ಬ್ಯಾಂಕುಗಳು ಬೆಳೆಯುತ್ತಿದ್ದಾಗ ಊರಿನ ಮಕ್ಕಳು ಮುಂಬಯಿಯಲ್ಲಿ ದುಡಿಯುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ದುಡಿಮೆಗಾರನ ಮುಪ್ಪಿನ ಚಿಂತೆಯನ್ನು ಸರಕಾರ ಮೊದಲ ಬಾರಿಗೆ ಕೈಗೆತ್ತಿಕೊಂಡಿತು. 1951ರ ನವೆಂಬರ್ 15ರ ಸುಗ್ರೀವಾಜ್ಞೆ, ಆ ಬಳಿಕ 1952ರ ಕಾಯ್ದೆಯಿಂದ ಭವಿಷ್ಯ ನಿಧಿ, ಅಂದರೆ ಪ್ರಾವಿಡೆಂಟ್ ಫಂಡು, ಜಾರಿಗೆ ಬಂತು. ಮೊದಲಿಗೆ ಅದು ಆರು ಉದ್ದಿಮೆಗಳಿಗೆ ಮಾತ್ರ. ಬಟ್ಟೆ ಗಿರಣಿ ಅವುಗಳಲ್ಲೊಂದಾದ್ದರಿಂದ ಪರೇಲ್, ಲಾಲ್‌ಬಾಗ್‌ಗಳ ಗಿರಣಿ ಕಾರ್ಮಿಕರಿಗೆ ಅನುಕೂಲವಾಯಿತು. ಐವತ್ತು ಜನ ಕೆಲಸಗಾರರಿರಬೇಕೆಂಬ ನಿಯಮ 1960ರಲ್ಲಿ ಇಪ್ಪತ್ತಕ್ಕೆ ಇಳಿಯಿತು. ಉದ್ದಿಮೆಗಳ ಪಟ್ಟಿಯೂ ಬೆಳೆಯಿತು. ಆದರೆ ಹತ್ತು ಹನ್ನೆರಡು ಹುಡುಗರಿದ್ದ ಹೋಟೆಲು ಆಗಲೂ ಹೊರಗೇ ಉಳಿಯಿತು. ನಮ್ಮವರಲ್ಲಿ ಎಷ್ಟೋ ಜನ ದುಡಿದದ್ದು ಅಂಥ ಕಡೆಯೇ.

ಫಂಡಿನ ಒಳಗಿದ್ದವನಿಗೂ ಬಹುಕಾಲ ತಿಂಗಳ ಪಿಂಚಣಿ ಇರಲಿಲ್ಲ. 1971ರ ಯೋಜನೆ ಕುಟುಂಬ ಪಿಂಚಣಿಯದು, ಕೆಲಸಗಾರ ತೀರಿಕೊಂಡರೆ ಮನೆಯವರಿಗೆ ಸಿಗುವಂಥದು. ಕೆಲಸಗಾರನಿಗೇ ತಿಂಗಳ ಪಿಂಚಣಿ ಎಂಬುದು ಬಂದದ್ದು 1995ರ ನವೆಂಬರ್ 16ರಿಂದ. ಫಂಡಿನ ದೊಡ್ಡ ಮೊತ್ತ ಒಟ್ಟಿಗೆ ಕೈಗೆ ಬಂದಾಗ ಅದು ಮಗಳ ಮದುವೆಗೋ ಊರಿನ ಗೃಹಪ್ರವೇಶಕ್ಕೋ ಒಂದೇ ಏಟಿಗೆ ಮುಗಿದದ್ದನ್ನು ವಾಚಕರಲ್ಲಿ ಹಲವರು ಕಣ್ಣಾರೆ ಕಂಡಿರಬಹುದು.

ಸರಕಾರದ ಕೈ ಮುಟ್ಟದ ಕಡೆ ಸಮಾಜದವರು ಕೈ ಚಾಚಿದರು. ಮೊಗವೀರ ಬಂಧುಗಳು 1946ರಲ್ಲಿ ಮುಂಬಯಿಯಲ್ಲಿ ತಮ್ಮದೊಂದು ಸಹಕಾರಿ ಬ್ಯಾಂಕನ್ನು ಕಟ್ಟಿದರು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ನಿನ ಆಸರೆಯಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಹುಟ್ಟಿತು. ದೊಡ್ಡ ಬ್ಯಾಂಕಿನ ಕೌಂಟರಿನ ಮುಂದೆ ಹಿಂಜರಿಯುತ್ತಿದ್ದವನು ಇಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿ ಖಾತೆ ತೆರೆದ. ತಲ್ಮಕಿಯವರು 1906ರಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿ ಹೀಗೆ ಮುಂದುವರಿಯಿತು.

ಉಳಿತಾಯ ಕಲಿಸಿದವನ ಮುಪ್ಪು

ಈ ಇತಿಹಾಸದಲ್ಲಿ ನೋವಿನ ಪುಟವೊಂದಿದೆ. ಮನೆ ಮನೆಗೆ ನಡೆದು ಇತರರ ಮುಪ್ಪಿಗೆ ಹಣ ಕೂಡಿಸಿಕೊಟ್ಟ ಪಿಗ್ಮಿ ಸಂಗ್ರಾಹಕನ ಮುಪ್ಪಿಗೆ ಏನಿತ್ತು? ಅವನು ಬ್ಯಾಂಕಿನ ನೌಕರನಲ್ಲ, ಕಮಿಷನ್ ಏಜೆಂಟ್ ಎಂಬುದು ಬ್ಯಾಂಕುಗಳ ವಾದವಾಗಿತ್ತು. ಆದ್ದರಿಂದ ಸಂಬಳದ ಶ್ರೇಣಿ ಇಲ್ಲ, ಪಿಂಚಣಿ ಇಲ್ಲ. ಮಳೆಗಾಲದ ದಿನ ಹೋಗದಿದ್ದರೆ ಆ ದಿನದ ಕಮಿಷನ್ನೂ ಇಲ್ಲ.

ವ್ಯಾಜ್ಯ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರಲ್ಲಿ ಹೈದರಾಬಾದಿನ ನ್ಯಾಯಮಂಡಳಿ ಸಂಗ್ರಾಹಕರ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಂಕುಗಳು ಮೇಲಿನ ಕೋರ್ಟುಗಳಿಗೆ ಹೋದವು. ಕೊನೆಗೆ 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಈ ಸಂಗ್ರಾಹಕರು ಕಾನೂನಿನ ದೃಷ್ಟಿಯಲ್ಲಿ ಕೆಲಸಗಾರರೇ, ಅವರ ಕಮಿಷನ್ ಕೂಡ ಒಂದು ಬಗೆಯ ವೇತನವೇ ಎಂದು ಹೇಳಿತು. 1928ರಲ್ಲಿ ಆರಂಭವಾದ ಕೆಲಸಕ್ಕೆ ಈ ಮಾನ್ಯತೆ ಸಿಕ್ಕುವಾಗ ಎಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ಅಷ್ಟರಲ್ಲಿ ಎಷ್ಟು ಜನ ಚೀಲ ಕೆಳಗಿಟ್ಟು ಬರಿಗೈಯಲ್ಲಿ ಮನೆಗೆ ಹೋಗಿದ್ದರೋ! ಉಳಿತಾಯವನ್ನು ಹೊಗಳುವಾಗ ಈ ಮಾತನ್ನು ಮರೆಯಬಾರದು. ದುಡಿಸಿಕೊಳ್ಳುವವನ ಹೊಣೆ ಇಲ್ಲದಿದ್ದರೆ ಬರೀ ಮಿತವ್ಯಯ ಎಲ್ಲರನ್ನೂ ದಡ ಮುಟ್ಟಿಸಲಾರದು. ನಮ್ಮಲ್ಲಿ ಹೋಟೆಲು, ಅಂಗಡಿ, ಕಚೇರಿ ನಡೆಸುವವರು ಇದ್ದಾರೆ. ನಮ್ಮ ಹುಡುಗರಿಗೆ ಫಂಡು ಕಟ್ಟುತ್ತಿದ್ದೇವೆಯೇ ಎಂದು ಅವರು ಒಮ್ಮೆ ಕೇಳಿಕೊಳ್ಳಬೇಕು.

ಎರಡು ಕಳ್ಳರು

ಕೂಡಿಟ್ಟ ಹಣಕ್ಕೆ ಇಬ್ಬರು ಕಳ್ಳರು. ಒಬ್ಬ ಒಮ್ಮೆಲೇ ಬರುತ್ತಾನೆ, ಇನ್ನೊಬ್ಬ ದಿನಾ ಬರುತ್ತಾನೆ.

ಒಮ್ಮೆಲೇ ಬರುವವನು ಸಂಸ್ಥೆಯ ಪತನ. 1906ರಲ್ಲಿ ಮದ್ರಾಸಿನಲ್ಲಿ ಆದದ್ದು 1938ರಲ್ಲಿ ತಿರುವಾಂಕೂರಿನಲ್ಲಿಯೂ, 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕಿನಲ್ಲಿಯೂ ಆಯಿತು. ಈ ಕೊನೆಯ ಪೆಟ್ಟಿನ ಮೇಲೆ ಸರಕಾರ ಎಚ್ಚೆತ್ತು, 1962ರ ಜನವರಿ 1ರಿಂದ ಠೇವಣಿ ವಿಮೆಯನ್ನು ತಂದಿತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ರಕ್ಷಣೆ. ಹಂತ ಹಂತವಾಗಿ ಏರಿ 1993ರಲ್ಲಿ ಅದು ಒಂದು ಲಕ್ಷವಾಯಿತು, 2020ರ ಫೆಬ್ರವರಿ 4ರಿಂದ ಐದು ಲಕ್ಷ. ಒಂದು ಬ್ಯಾಂಕಿನಲ್ಲಿ ಎಷ್ಟು ಖಾತೆ, ಎಷ್ಟು ಶಾಖೆ ಇದ್ದರೂ ಒಬ್ಬನಿಗೆ ಒಟ್ಟು ಮಿತಿ ಇಷ್ಟೇ. ಈ ವಿಮೆ ಬ್ಯಾಂಕುಗಳಿಗೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಬೋರ್ಡಿನ ಮೇಲೆ ಪರಿಚಿತರ ಹೆಸರಿದೆ, ಒಂದು ಶೇಕಡಾ ಬಡ್ಡಿ ಹೆಚ್ಚಿದೆ ಎಂದು ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಸುರಿಯುವ ಮೊದಲು ಅರ್ಬತ್‌ನಾಟಿನ ಬಾಗಿಲಲ್ಲಿ ನಿಂತ ವಿಧವೆಯರನ್ನು ನೆನೆಯುವುದು ಒಳ್ಳೆಯದು.

ದಿನಾ ಬರುವ ಕಳ್ಳ ಬೆಲೆಯೇರಿಕೆ. ತಿಂಗಳಿಗೆ 1,000 ರೂಪಾಯಿಯಂತೆ ಶೇಕಡಾ 7ರ ಬಡ್ಡಿಯಲ್ಲಿ ಮೂವತ್ತು ವರ್ಷ ಕಟ್ಟಿದರೆ ಕಟ್ಟಿದ್ದು 3 ಲಕ್ಷ 60 ಸಾವಿರ, ಕೈಗೆ ಬರುವುದು ಸುಮಾರು 12 ಲಕ್ಷ 20 ಸಾವಿರ. ಹತ್ತು ವರ್ಷ ತಡವಾಗಿ ಆರಂಭಿಸಿ ಇಪ್ಪತ್ತು ವರ್ಷ ಮಾತ್ರ ಕಟ್ಟಿದರೆ ಸುಮಾರು 5 ಲಕ್ಷ 20 ಸಾವಿರ. ಬೇಗ ಆರಂಭಿಸುವುದರ ಬೆಲೆ ಇದರಿಂದಲೇ ತಿಳಿಯುತ್ತದೆ. ಆದರೆ ಇಷ್ಟಕ್ಕೇ ಹಿಗ್ಗಬಾರದು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತವೆ. ಮೂವತ್ತು ವರ್ಷದ ಬಳಿಕ ಆ ಹನ್ನೆರಡು ಲಕ್ಷದಿಂದ ಕೊಳ್ಳಬಹುದಾದ್ದು ಇಂದು ಎರಡು ಲಕ್ಷಕ್ಕೆ ಸಿಗುವಷ್ಟೇ. ಆದ್ದರಿಂದ ಸಂಬಳ ಏರಿದ ಹಾಗೆ ಉಳಿತಾಯವೂ ಏರಬೇಕು. ದೀರ್ಘಕಾಲದ ಹಣದಲ್ಲಿ ಸ್ವಲ್ಪ ಭಾಗವಾದರೂ, ಏರಿಳಿತ ತಡೆಯುವ ಶಕ್ತಿ ನೋಡಿಕೊಂಡು, ಬೆಲೆಯೇರಿಕೆಯನ್ನು ಮೀರಿ ಬೆಳೆಯಬಲ್ಲ ಕಡೆ ಇರಬೇಕು. ಎರಡಾಣೆ ಕೊಟ್ಟವನು ಎರಡಾಣೆಯಲ್ಲೇ ನಿಂತಿದ್ದರೆ ಅವನ ಮುಪ್ಪಿಗೆ ಅದು ಸಾಲುತ್ತಿರಲಿಲ್ಲ.

ಹಳೆಯ ಪಾಸ್ ಪುಸ್ತಕ

ಇಂದು ದಾರಿಗಳು ಹೆಚ್ಚಿವೆ. 1968ರಿಂದ ಸಾರ್ವಜನಿಕ ಭವಿಷ್ಯ ನಿಧಿ ಇದೆ. 2004ರಲ್ಲಿ ಹೊಸ ಸರಕಾರಿ ನೌಕರರಿಗಾಗಿ ಆರಂಭವಾದ ರಾಷ್ಟ್ರೀಯ ಪಿಂಚಣಿ ಯೋಜನೆಗೆ 2009ರಿಂದ ಯಾರು ಬೇಕಾದರೂ ಸೇರಬಹುದು. ಯಾವ ಯಜಮಾನನೂ ಫಂಡು ಕಟ್ಟದ ಕೆಲಸಗಾರನಿಗೂ ಈಗ ಬಾಗಿಲು ತೆರೆದಿದೆ. ಬಾಗಿಲಿಗೆ ಬಂದು ನೆನಪಿಸುವವನು ಮಾತ್ರ ಕಡಿಮೆಯಾಗಿದ್ದಾನೆ. ಸಂಬಳ ಬಂದ ದಿನವೇ ಖಾತೆಯಿಂದ ಕಡಿದು ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಅದೇ ನಮ್ಮ ಕಾಲದ ಪಿಗ್ಮಿ ಏಜೆಂಟ್.

ನಮ್ಮ ಬ್ಯಾಂಕುಗಳ ಹೆಸರುಗಳೂ ಬದಲಾಗಿವೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಹಾಜಿ ಅಬ್ದುಲ್ಲಾ ಸಾಹೇಬರ ಮತ್ತು ಡಾ. ಪೈಯವರ ಸಂಸ್ಥೆಗಳ ಬೋರ್ಡುಗಳು ಕೆಳಗಿಳಿದಾಗ ಕರಾವಳಿಯವರ ಮನಸ್ಸು ಮುದುಡಿದ್ದು ಸಹಜವೇ.

ಆದರೆ ದುಃಖಿಸುವುದಕ್ಕಿಂತ ಉಪಯೋಗದ ಕೆಲಸವೊಂದಿದೆ. ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಕಬ್ಬಿಣದ ಪೆಟ್ಟಿಗೆಯನ್ನೋ ಅಜ್ಜಿಯ ಕಪಾಟನ್ನೋ ಒಮ್ಮೆ ತೆರೆದು ನೋಡಿ. ಹಳೆಯ ಹೆಸರಿನ ಪಾಸ್ ಪುಸ್ತಕ ಸಿಕ್ಕೀತು. ಬ್ಯಾಂಕಿನ ಹೆಸರು ಹೋದರೂ ಠೇವಣಿ ಹೋಗಿಲ್ಲ. ಹತ್ತು ವರ್ಷ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆದರೂ ಹಕ್ಕುದಾರರು ದಾಖಲೆ ಹಿಡಿದು ಬ್ಯಾಂಕಿಗೆ ಹೋದರೆ ಅದನ್ನು ಮರಳಿ ಪಡೆಯಬಹುದು. ಹಾಗೆಯೇ ನಿಮ್ಮ ಸ್ವಂತ ಖಾತೆಗಳಲ್ಲಿ ನಾಮನಿರ್ದೇಶನ ಮಾಡಿದ್ದೀರಾ, ಮನೆಯಾಕೆಗೆ ಆ ಖಾತೆಗಳ ವಿಷಯ ಗೊತ್ತಿದೆಯೇ ಎಂದೂ ನೋಡಿಕೊಳ್ಳಿ.

ಮೊದಲಿಗೆ ಹೇಳಿದ ಆ ಮೂರನೆಯ ಕತೆಯ ಮನುಷ್ಯ ಊರಿಗೆ ಕಳಿಸಿದ ಮನಿಯಾರ್ಡರ್ ವ್ಯರ್ಥವಾಗಲಿಲ್ಲ. ಅದರಿಂದ ಓದಿದವರು, ಮದುವೆಯಾದವರು, ಮನೆ ಕಂಡವರು ಇದ್ದಾರೆ. ಆ ಮನಿಯಾರ್ಡರಿನ ಜತೆಗೆ ದಿನಕ್ಕೆ ಎರಡಾಣೆ ಅವನ ಹೆಸರಿನಲ್ಲೂ ನಿಂತಿದ್ದರೆ, ಕೊನೆಗಾಲದಲ್ಲಿ ಅವನು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಮನೆಮಂದಿಯ ಪಟ್ಟಿ ಮಾಡುವಾಗ ಮುಪ್ಪಿನಲ್ಲಿ ಬರಲಿರುವ ನಮ್ಮನ್ನೂ ಒಬ್ಬರೆಂದು ಎಣಿಸಿ ಅವರ ಪಾಲನ್ನು ಮೊದಲೇ ತೆಗೆದಿಡೋಣ. ಉಡುಪಿಯ ಆ ಎರಡಾಣೆ ನಮಗೆ ಕಲಿಸುವ ಪಾಠ ಇಷ್ಟೇ.